ತಿಂಗಳಿಗೊಂದು ಅಕ್ಕಿಕಾಳು

ಮುಂಬಯಿ, ರೇ ರೋಡಿನ ಸೇತುವೆಯ ಕೆಳಗೆ, ಆಗಸ್ಟ್,
ನಾಲ್ಕು ದಿನದಿಂದ ಬಿಡದ ಮಳೆ.
ಮದುವೆಯ ಕುದುರೆ ಚಮೇಲಿ
ಮೂರೇ ಕಾಲಿನ ಮೇಲೆ ನಿಂತಿದ್ದಾಳೆ.
ನಾಲ್ಕನೆಯದು ನೆಲಕ್ಕೆ ತಾಗಿಯೂ ತಾಗದ ಹಾಗೆ,
ಹಂಚು ಕಾದಿದೆಯೇ ಎಂದು ಬೆರಳಿಟ್ಟು ನೋಡುವವರ ಹಾಗೆ.

ಪರೇಲಿನ ಕಾಲೇಜಿನಲ್ಲಿ ನಾನು ಓದಿದ್ದು ಚಿತ್ರದ ಗೊರಸು:
ಬಣ್ಣಬಣ್ಣದ ಪದರ, ಹದಿನಾಲ್ಕು ಹೆಸರು, ಹದಿನಾಲ್ಕು ಅಂಕ.
ಇಂಡಿ ಕಡೆಯ ನಾಲಬಂದ ದಸ್ತಗೀರ ಮಾಮ
ಒಂದು ಹೆಸರನ್ನೂ ಕೇಳಲಿಲ್ಲ.
ಬಗ್ಗಿದ, ತೊಡೆಯಿಂದ ಗಂಟಿನವರೆಗೆ ಕೈ ಇಳಿಸಿದ,
"ಎತ್ತವ್ವ ತಾಯಿ."
ಎತ್ತಿದಳು.
"ಮೂಸಿ ನೋಡ್ರಿ ಡಾಕ್ಟರಬಾಯಿ. ಮೊದಲ ಮೂಗು, ಆಮ್ಯಾಲೆ ಚಾಕು."

ಮೂಸಿದೆ.
ಹೂದಾನಿಯಲ್ಲಿ ವಾರ ಮರೆತ ಸೇವಂತಿಗೆಯ ನೀರು.
ಅಂಗಾಲಿನ ಮೂರು ಮೂಲೆಯ ಮೆತ್ತನೆ ಭಾಗ
ಕಪ್ಪಗೆ ಕರಗಿ ಚಾಕುವಿನ ತುದಿಗೆ ಹತ್ತಿಕೊಂಡು ಬಂತು.
"ಇದಕ್ಕ ಪುತಲಿ ಅಂತೀವಿ. ಗೊಂಬಿ.
ಕಣ್ಣಾಗಿನ ಪಾಪಿನೂ ಪುತಲೀನ.
ಇದು ಕೊಳತಂದ್ರ ಕುದುರಿಗೆ ನೆಲ ಕಾಣಂಗಿಲ್ಲ."

ಲಾಳ ಬಿಚ್ಚಿದ. ಎಂಟು ಮೊಳೆ ಡಬ್ಬಿಗೆ ಬಿದ್ದವು,
ಒಂದೊಂದು ಸದ್ದಿಗೂ ಅವಳ ಒಂದು ಕಿವಿ ಹಿಂದಕ್ಕೆ.
ಅಂಚೆಲ್ಲ ಹಳೆಯ ತೂತು, ಒಣ ರೊಟ್ಟಿಯ ಹಾಗೆ ಉದುರುವ ಗೋಡೆ.
ಮೇಲೆ ಸಾಲುಸಾಲು ಉಂಗುರ.
ಹೆಬ್ಬೆರಳಾಡಿಸಿ ಓದಿದ: ಇದು ಮೇ ತಿಂಗಳ ಡಾಂಬರು,
ಇದು ಬಾಡಿಗೆ ಇಲ್ಲದ ದಿನ, ಬರೇ ಬೂಸಾ,
ಇದು ಜ್ವರ. ಯಾರಿಗೂ ಗೊತ್ತಾಗದ ಜ್ವರ.
ಮಾಲೀಕ ಸೋಪಾನ್ ಲಾಂಡಗೆ ಛಾವಣಿ ನೋಡಿದ.

"ಇಂಜೆಕ್ಷನ್ ಇಲ್ಲವೇ? ತುಳಸಿ ಲಗ್ನ ಆದಮೇಲೆ
ಹನ್ನೊಂದು ಬುಕ್ಕಿಂಗ್ ಇವೆ."
ನಾನು ಚೀಟಿ ತೆಗೆದೆ. ಮಾಮ ತಲೆಯಲ್ಲಾಡಿಸಿದ.
"ಔಷಧ ಬರೀರಿ, ಬ್ಯಾಡನ್ನಂಗಿಲ್ಲ.
ಆದ್ರ ಮೊದಲ ಒಣ ನೆಲ ಬರೀರಿ."

ಬರೆದೆ: ಲಕ್ಕಡ್ ವಖಾರಿಯ ಮರದ ಹೊಟ್ಟು, ಒಂದು ಗೇಣು ದಪ್ಪ.
ದಿನಕ್ಕೆರಡು ಸಲ ಗೊರಸು ಕೆದಕುವುದು.
ಅಗಸೆ, ಒಂದು ಹಿಡಿ.
ಲಾಳ ಬೇಡ. ಬ್ಯಾಂಡು ಬೇಡ.
ಎಷ್ಟು ದಿನ ಎಂದು ಬರೆಯುವಲ್ಲಿ ಪೆನ್ನು ನಿಂತಿತು.
"ತಿಂಗಳಿಗೆ ಒಂದು ಅಕ್ಕಿಕಾಳಿನಷ್ಟು ಬೆಳೀತೈತಿ,
ಮ್ಯಾಲಿಂದ ನೆಲಕ್ಕ ಇಳಿಯಾಕ ವರ್ಷ.
ಅವಸರ ಮನಷ್ಯಾರದು."

ಡಿಸೆಂಬರಿನಲ್ಲಿ ಹೋದೆ.
ಹೊಟ್ಟು ಒಣಗಿತ್ತು. ನಾಲ್ಕೂ ಕಾಲು ನೆಲದಲ್ಲಿದ್ದವು.
ಕೂದಲಂಚಿನ ಕೆಳಗೆ ಹೊಸ ಗೊರಸು,
ಉಂಗುರವಿಲ್ಲದ, ನುಣುಪಾದ ನಾಲ್ಕು ಕಾಳು.
ಸೋಪಾನ್ ಚಹಾ ತರಿಸಿದ, ಬಿಸ್ಕತ್ತನ್ನೂ ತರಿಸಿದ.
ಮೂಸಿದೆ: ಬರೇ ಮರ, ಬರೇ ಕುದುರೆ.

ಮಾಮ ಪುತಲಿಯ ಸೀಳಿನಲ್ಲಿ ಕೆದಕುಗೋಲು ಹಾಕಿದ.
ಏನೋ ಹಳದಿ ಉದುರಿತು.
ಅರಿಸಿನ ಹಚ್ಚಿದ ಅಕ್ಷತೆ.
ಒಂದೇ ಕಾಳು.

ಯಾರೂ ಮಾತಾಡಲಿಲ್ಲ. ಮೇಲೆ ಲಾರಿಗಳು ಹೋಗುತ್ತಿದ್ದವು.
ಸೋಪಾನನ ಲೋಟದಲ್ಲಿ ಚಹಾ ಕೆನೆಗಟ್ಟಿತು.
ಮಾಮ ಆ ಕಾಳನ್ನು ಎರಡು ಬೆರಳಲ್ಲಿ ಎತ್ತಿ
ಹೊಸ ಗೊರಸಿಗೆ ಆನಿಸಿ ಹಿಡಿದ,
ದರ್ಜಿ ಅಳತೆ ತೆಗೆಯುವ ಹಾಗೆ,
"ಒಂದು ತಿಂಗಳು," ಅಂದ,
ಅವಳ ಕಾಲನ್ನು ಮೆಲ್ಲಗೆ ಕೆಳಗಿಟ್ಟ.