ಹಳೇ ನಂಬರ್, ಹೊಸ ನಂಬರ್

ಶಿವಾಜಿನಗರದ ಡಯಾಲಿಸಿಸ್ ಸೆಂಟರು, ಎರಡನೇ ಮಹಡಿ,
ರಾತ್ರಿ ಎರಡೂ ಮುಕ್ಕಾಲು.
ಪರದೆ ತುಂಬ ಬಿಳುಪು, ನಡುವೆ ಒಂದೇ ಸಾಲು:
ಡೇಟಾಬೇಸ್ ಸಿಗುತ್ತಿಲ್ಲ.

"ನಿನ್ನೆ ಸಂಜೆವರೆಗೂ ಸರಿಯಿತ್ತು" ಅನ್ನುತ್ತಾರೆ ಸಿಸ್ಟರ್ ಫಿಲೋಮಿನಾ.
ಎಲ್ಲರೂ ಅನ್ನುವುದು ಅದನ್ನೇ.
ನಿನ್ನೆ ಸಂಜೆ ನಾನೇ ಬಂದು
ಆ್ಯಪ್ಪನ್ನು ಹಳೇ ಪೆಟ್ಟಿಗೆಯಿಂದ ಒಕ್ಕಲೆಬ್ಬಿಸಿ
ಹೊಸದರಲ್ಲಿ ಕೂರಿಸಿದ್ದು
ಅವರಿಗಿನ್ನೂ ಹೇಳಿಲ್ಲ.

ಐದಕ್ಕೆ ಮೊದಲ ಪಾಳಿ, ಹನ್ನೊಂದು ಹಾಸಿಗೆ.
ಹೆಸರೆಲ್ಲ ಅವರಿಗೆ ಬಾಯಿಪಾಠ.
ಯಾರಿಗೆ ಎಡಗೈ, ಯಾರಿಗೆ ಕಿಟಕಿ ಪಕ್ಕ,
ಸೂಜಿ ಕಂಡರೆ ಯಾರು ಯಾವ ಭಾಷೆಯಲ್ಲಿ ಬೈಯುತ್ತಾರೆ, ಎಲ್ಲ.
"ತೂಕ ಒಂದು ಬೇಕಪ್ಪ, ಹೋದ ಸಲದ್ದು.
ಮೈಯಿಂದ ಎಷ್ಟು ನೀರು ತೆಗೀಬೇಕು ಅಂತ
ಅಂದಾಜಲ್ಲಿ ಹೇಳಕ್ಕಾಗುತ್ತಾ?"

ಆಗಲ್ಲ.

ಕೆಳಗಿಳಿದು ನೋಡಿದೆ. ಡೇಟಾಬೇಸು ಬದುಕಿದೆ.
ಜನರೇಟರ್ ಕೋಣೆಯ ಪಕ್ಕ, ಹಳೇ ಪೆಟ್ಟಿಗೆಯಲ್ಲೇ,
ಹನ್ನೊಂದೂ ತೂಕ ಮಡಿಲಲ್ಲಿಟ್ಟುಕೊಂಡು
ಯಾರಾದರೂ ಕೇಳಲಿ ಎಂದು ಕೂತಿದೆ.

ಮೇಲೆ ಬಂದು ಕಾನ್ಫಿಗ್ ಫೈಲು ತೆರೆದರೆ
ನಾಲ್ಕನೇ ಸಾಲಲ್ಲಿ ವಿಳಾಸ: ಲೋಕಲ್‌ಹೋಸ್ಟ್.
ಅಂದರೆ, ನಾನು. ಅಂದರೆ, ಇಲ್ಲೇ.
ಮನೆ ಬದಲಾದದ್ದು ತಿಳಿಯದೆ ಆ್ಯಪ್ಪು
ರಾತ್ರಿಯಿಡೀ ತನ್ನ ಬಾಗಿಲನ್ನೇ ತಟ್ಟಿ
ಒಳಗಿನಿಂದ ತಾನೇ
"ಇಲ್ಲ, ಹೋಗು" ಅಂದುಕೊಂಡಿದೆ.

ಈ ಊರಲ್ಲಿ ಒಂದೊಂದು ಗೇಟಿಗೂ ಎರಡೆರಡು ನಂಬರು.
ಹಳೇದರ ಮೇಲೆ ಬಣ್ಣ ಬಳಿದರೂ ಇಣುಕುತ್ತದೆ.
ಹದಿನೈದನೇ ಕ್ರಾಸ್ ಆದಮೇಲೆ ಹದಿನೈದು 'ಎ',
ಆಮೇಲೆ ಒಂದು ಮೋರಿ, ಆಮೇಲೆ ಹದಿನೆಂಟು.
ಕೊರಿಯರ್ ಹುಡುಗ ಫೋನು ಮಾಡಿ ಲ್ಯಾಂಡ್‌ಮಾರ್ಕ್ ಕೇಳುತ್ತಾನೆ.
ಯಂತ್ರಕ್ಕೆ ಆ ಬುದ್ಧಿಯಿಲ್ಲ,
ಬರೆದದ್ದನ್ನು ನಂಬುತ್ತದೆ.

ವಿಳಾಸ ತಿದ್ದಿದೆ.
ಈಗ ಬೈಗುಳವೂ ಇಲ್ಲ. ಮೂವತ್ತು ಸೆಕೆಂಡು ಮೌನ, ಮತ್ತೆ ಮೂವತ್ತು.
"ಹೋಗು" ಅಂದವನು ಮನೆಯಲ್ಲಾದರೂ ಇದ್ದ;
ಇದು ಹಾಗಲ್ಲ, ಕರೆ ಎಲ್ಲೋ ಗೋಡೆಯಲ್ಲಿ ಇಂಗುತ್ತಿದೆ.
ಫೈರ್‌ವಾಲಿನಲ್ಲಿ ಒಂದು ಕಿಂಡಿ ತೆರೆದೆ.
ಗೇಟಿನ ಸೆಕ್ಯುರಿಟಿಯ ಹಾಗೆ ಅದು ರಿಜಿಸ್ಟರ್ ಚಾಚಿತು:
ಯಾರು, ಎಲ್ಲಿಂದ, ಪಟ್ಟಿಯಲ್ಲಿ ಹೆಸರಿಲ್ಲವಲ್ಲ.
ಬರೆಸಿದೆ.
ಪಾಸ್‌ವರ್ಡ್ ತಪ್ಪು.

ಆರು ವರ್ಷದಿಂದ ಇದೇ ಪಾಸ್‌ವರ್ಡು!
ಆದರೆ ಒಂದೇ ಮನೆಯಲ್ಲಿದ್ದಾಗ
ಅದನ್ನು ಯಾರೂ ಯಾರನ್ನೂ ಕೇಳಿರಲಿಲ್ಲ.
ನಂಬಿಕೆಯ ಮೇಲೆ ನಡೆದಿತ್ತು ಸಂಸಾರ.

ಮೂರೂ ಐವತ್ತು. ದಸ್ತಗೀರ್ ಸಾಹೇಬರಿಗೆ ಫೋನು ಮಾಡಿದೆ,
ಇದನ್ನೆಲ್ಲ ಮೊದಲು ಕಟ್ಟಿ, ನನ್ನ ಕೈಗೆ ಕೊಟ್ಟು
ಈಗ ಟ್ಯಾನರಿ ರೋಡಿನಲ್ಲಿ ಅಲಂಕಾರದ ಮೀನು ಮಾರುವವರು.
ಒಂದೇ ರಿಂಗು. ಹಲೋ ಇಲ್ಲ, ಏನಾಯ್ತು ಇಲ್ಲ.
"ಕೊನೇಲಿ ಒಂದು ಸ್ಪೇಸ್ ಇರುತ್ತೆ ನೋಡು. ಅಳಿಸು" ಅಂದರು.
ಹಿಂದೆ ನೀರಲ್ಲಿ ಗುಳ್ಳೆಯೇಳುವ ಸದ್ದು.

ಇತ್ತು.
ಕರ್ಸರ್ ಒಂದು ಮನೆ ಮುಂದೆ ನಿಂತು
ಮಿನುಗುತ್ತಿತ್ತು, ಏನೂ ಇಲ್ಲದ ಕಡೆ.
ಅಳಿಸಿದೆ.

ಸಿಸ್ಟರ್ ಕನ್ನಡಕ ಹಾಕಿಕೊಂಡು ಓದಿದರು,
ನನಗಲ್ಲ, ಮಡಿಸಿಟ್ಟ ಹೊದಿಕೆಗಳಿಗೆ:
ಖಮರುನ್ನಿಸಾ, ನಲವತ್ತೆಂಟು ಪಾಯಿಂಟ್ ಎರಡು.
ಪೆಂಚಲಯ್ಯ, ಅರವತ್ತೊಂದೂವರೆ.
ಲಿಫ್ಟಿನೊಳಗೆ ಆಗಲೇ ಯಾರದೋ ಕೆಮ್ಮು.

ಬಿಲ್ಲು ಬರೆಯದೆ ಇಳಿದು ಬೈಕು ತೆಗೆದೆ.
ರಸೆಲ್ ಮಾರ್ಕೆಟ್ಟಿನ ಮುಂದೆ ಕೊತ್ತಂಬರಿ ಇಳಿಸುತ್ತಿದ್ದರು.
ಫ್ರೇಜರ್ ಟೌನಿನ ತಿರುವು, ಹಂಪು, ಮುರಿದ ಸ್ಲ್ಯಾಬು,
ಕೈ ತಾನಾಗಿ ಹಿಡಿದ ಬ್ರೇಕು.
ಕರಿ ನಾಯಿ ಬಾಲ ಅಲ್ಲಾಡಿಸುತ್ತಾ ಬಂತು.
ಗೇಟಿಗೆ ಬೇರೆ ಯಾರದೋ ಬೀಗ.

ಇಲ್ಲಿಂದ ಸಾಮಾನು ಸಾಗಿಸಿ ಹದಿನೇಳು ದಿನ.
ಹೊಸ ಬೀದಿಯ ನಾಯಿಗಳಿಗೆ ಇನ್ನೂ ನನ್ನ ಗುರುತಿಲ್ಲ.
ಎಂಜಿನ್ ಆರಿಸದೆ ಸ್ವಲ್ಪ ಹೊತ್ತು
ಅದರ ತಲೆ ಸವರುತ್ತಾ ನಿಂತೆ.