ಹತ್ತು ಬಿಳಿ ಅಂಗಿ

ಸೋಮವಾರ ಕೋಡಿಬಾಗದ ನನ್ನ ಅಂಗಡಿಗೆ ಹತ್ತು ಬಿಳಿ ಅಂಗಿ:
ಐದು ಟೋಂಗಾ ದ್ವೀಪದ ಹುಡುಗನವು,
ಐದು ಅವನ ನೆರಳಿನಂಥ ಜೊತೆಗಾರನವು.
ಕಾಲರಿನ ಕೊಳೆ ನೋಡಿಯೇ ಹೇಳಬಲ್ಲೆ
ವಾರದಲ್ಲಿ ಎಷ್ಟು ಬಾಗಿಲು ಮುಚ್ಚಿದವೆಂದು.

ಎದೆಯ ಕಪ್ಪು ಬಿಲ್ಲೆಯಲ್ಲಿ ‘ಎಲ್ಡರ್ ಹವೇಯಾ’.
ಎಲ್ಡರ್ ಅಂದರೆ ಹಿರಿಯನಂತೆ;
ಮೀಸೆ ಇನ್ನೂ ಚಿಗುರಬೇಕು.
ಚಹಾ ಕೊಟ್ಟರೆ ವ್ರತ ಅಂದ.
ಕೋಕಂ ಶರಬತ್ತು ಎರಡು ಲೋಟ ಇಳಿಸಿದ.

ನನಗೆ ಅವನು ದೇವರ ಮಾತು ಹೇಳಲಿಲ್ಲ ಅಂತಲ್ಲ,
ಹೇಳಿದ, ಪಾಠ ಒಪ್ಪಿಸುವ ಮಗುವಿನ ಹಾಗೆ.
ನಡುವೆ ತಡೆದು ಕೇಳಿದ:
ಇಲ್ಲಿ ಬಂಗಡೆ ಯಾವ ತಿಂಗಳು ದಡಕ್ಕೆ ಬರುತ್ತದೆ?

ಎರಡು ವರ್ಷ ಸಮುದ್ರಕ್ಕೆ ಇಳಿಯುವಂತಿಲ್ಲವಂತೆ.
ಬೆಸ್ತರ ಮನೆಯ ಮಗ!
ಯಾವ ಕಾಯಿದೆ ಇದು ಎಂದು ನಕ್ಕೆ.
ಅವನು ನಗಲಿಲ್ಲ.

ಶುಕ್ರವಾರ ರಂಪಣಿ ಎಳೆಯಲು ಕೈ ಸಾಲದೆ
ವಿಠ್ಠು ಹರಿಕಂತ್ರ ದಾರಿಹೋಕರನ್ನೆಲ್ಲ ಕರೆದ.
ಹುಡುಗ ಬೂಟು ಬಿಚ್ಚಿ, ಟೈ ಬೆನ್ನಿಗೆಸೆದು ಹಗ್ಗ ಹಿಡಿದ.
ಅಲೆ ಬಂದಾಗೆಲ್ಲ ಒಂದು ಹೆಜ್ಜೆ ಹಿಂದೆ.
ಎಳೆತದ ಹದವನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಈ ಸೋಮವಾರ ಒಂದು ಅಂಗಿಯ ತೋಳಲ್ಲಿ
ಮೊಣಕೈವರೆಗೆ ಉಪ್ಪಿನ ಬಿರುಸು.
ಬೆವರಲ್ಲ. ಬೆರಳಿಗೆ ಗೊತ್ತಾಗುತ್ತದೆ.
ಉಳಿದ ಒಂಬತ್ತನ್ನು ನೆನೆಹಾಕಿದೆ.