ಕೊಳ್ಳದ್ದರ ಲೆಕ್ಕ

ಸಹಕಾರಿ ಬ್ಯಾಂಕಿನವರು ಪುಕ್ಕಟೆ ಕೊಟ್ಟ ಡೈರಿ.
ಎಡಪುಟದಲ್ಲಿ ಕೊಂಡದ್ದು,
ಬಲಪುಟದಲ್ಲಿ ಕೊಳ್ಳದೆ ಬಿಟ್ಟದ್ದು.
ಹೀಗೊಂದು ಲೆಕ್ಕ ಯಾವ ಮೇಷ್ಟರೂ ಹೇಳಿಕೊಡಲಿಲ್ಲ,
ನಾನೇ ಕಟ್ಟಿಕೊಂಡದ್ದು,
ಇವರ ಸಂಬಳ ಹಾಸನದ ಡಿಪೋದಿಂದ ಹೊರಟು
ತಣ್ಣೀರುಹಳ್ಳದ ನಮ್ಮ ಬಾಗಿಲು ಮುಟ್ಟುವಷ್ಟರಲ್ಲಿ
ಅರ್ಧ ನಡುವಿನ ಸ್ಟಾಪುಗಳಲ್ಲೇ ಇಳಿದುಹೋಗುತ್ತದೆಂದು
ತಿಳಿದ ವರ್ಷ.

ಎಡಕ್ಕೆ:
ಮಂಗಳವಾರ, ಸಂತೆ, ಸಂಜೆ ಆರರ ಮೇಲೆ.
ಆರಕ್ಕೆ ಮುಂಚೆ ಸೊಪ್ಪಿಗೂ ಸೊಕ್ಕು.
ಆಲೂಗಡ್ಡೆ, ಗುದ್ದಲಿ ಏಟು ಬಿದ್ದದ್ದು, ಮೂರು ಕೆಜಿ ಐವತ್ತು.
ಏಟು ಬಿದ್ದ ಕಡೆ ಕೆತ್ತಿ ಬೇಯಿಸಿದರೆ
ಸಾಹುಕಾರರ ಮನೆಯ ಗಡ್ಡೆಯಷ್ಟೇ ಹಿಟ್ಟು ಹಿಟ್ಟು.

ಬಲಕ್ಕೆ:
ಬಿ.ಎಂ. ರಸ್ತೆಯ ಗಾಜಿನ ಅಂಗಡಿ,
ಎರಡು ಕೊಂಡರೆ ಒಂದು ಉಚಿತ ಅನ್ನುವ ನೈಟಿ,
ಬಿಟ್ಟೆ, ಏಳುನೂರು.
ಮೂರನೆಯದಕ್ಕಾಗಿ ಎರಡು ಕೊಳ್ಳುವವಳು
ಒಂದಾದರೂ ಬೇಕೆಂದು ಬಂದವಳಲ್ಲ.
ಛತ್ರಕ್ಕೆ ಆಟೊ, ಬಿಟ್ಟೆ, ನಡೆದೆ, ಎಂಬತ್ತು.
ಹಳೆ ಮಿಕ್ಸಿ ಕೊಟ್ಟು ಹೊಸದು, ಬಿಟ್ಟೆ.
ಬುಷ್ ಹಾಕಿಸಿದೆ. ಅರಚುತ್ತದೆ, ಆದರೂ ಅರೆಯುತ್ತದೆ.

ಯುಗಾದಿಗೆ ಬಲಪುಟ ಕೂಡಿದೆ:
ಮೂವತ್ತೆಂಟು ಸಾವಿರದ ನಾನ್ನೂರ ಹತ್ತು.
ಇವರು ಕನ್ನಡಕ ಏರಿಸಿ, ಇಳಿಸಿ,
"ಇಷ್ಟು ದುಡ್ಡು ಎಲ್ಲಿದೆಯೇ?" ಅಂದರು.
ಸಾಲದವರು ಯಾರೂ ಬಡಿಯದ ಬಾಗಿಲು ತೋರಿಸಿದೆ.

ಹೆಮ್ಮೆ ಸ್ವಲ್ಪ ಹೆಚ್ಚೇ ಆಯಿತು.
ಹೆಮ್ಮೆಗೂ ಖರ್ಚಿದೆ,
ಅದನ್ನು ಬರೆಯಲು ಪುಟ ಇಟ್ಟಿರಲಿಲ್ಲ.

ಆ ತಿಂಗಳೇ ಬಲಕ್ಕೆ ಬರೆದೆ:
ಅತ್ತೆಯ ಕಿವಿ ಮೆಷಿನ್ನಿನ ಸೆಲ್ಲು,
ಆರರ ಪಟ್ಟಿ, ಇನ್ನೂರ ನಲವತ್ತು.
ನಿಂಗಾಜಮ್ಮ ಬೇಕೆನ್ನಲಿಲ್ಲ, ಬೇಡವೆನ್ನಲಿಲ್ಲ.
"ಬುಡವ್ವ, ಕೇಳಾಕೇನದೆ ಈ ಮನೇಲಿ,
ಅದೇ ಬೆಲೆ, ಅದೇ ಬಾಕಿ" ಅಂತ
ಮೆಷಿನ್ನನ್ನು ಎಲಡಿಕೆ ಡಬ್ಬಿಗೆ ಹಾಕಿ ಮುಚ್ಚಿದರು.
ಡಬ್ಬಿ ಮುಚ್ಚಿದ ಸದ್ದು ನನಗೆ ಮಾತ್ರ ಕೇಳಿತು.

ಆಮೇಲೆ ಮನೆ ಸದ್ದಡಗಲಿಲ್ಲ, ಗದ್ದಲವಾಯಿತು.
ಮೆಲ್ಲಗೆ ಹೇಳುವ ಮಾತನ್ನು ಕೂಗಿ ಹೇಳಿದೆ,
ಕೂಗಿದ್ದು ಬೈದಂತೆ ಕಂಡು
ಅವರು ಗೋಡೆ ಕಡೆ ತಿರುಗಿ ಕುಳಿತರು.
ಬರಬರುತ್ತ ಕೂಗುವುದನ್ನೂ ಬಿಟ್ಟೆ.
ಮಾತಿನಲ್ಲೂ ಉಳಿತಾಯ.

ಜೂನ್ ತಿಂಗಳ ಸಿಲಿಂಡರ್
ಆರು ದಿನ ಮುಂಚೆ ಬರಿದಾಯಿತು.
ರೆಗ್ಯುಲೇಟರಿಗೆ ಸೋಪಿನ ನೊರೆ ಸವರಿದೆ, ಗುಳ್ಳೆ ಏಳಲಿಲ್ಲ.
ಡೈರಿ ತಿರುವಿದೆ, ಹಿಂದಕ್ಕೆ, ಇನ್ನೂ ಹಿಂದಕ್ಕೆ.
ಸೋರುತ್ತಿದ್ದದ್ದು ಪೈಪಿನಲ್ಲಲ್ಲ.
ನಾನು ಬೀದಿ ನಲ್ಲಿಯಲ್ಲಿ ಕೊಡದ ಸರದಿಗೆ ನಿಂತಾಗ
ಕುಕ್ಕರಿನ ಕೂಗು ಎಣಿಸುತ್ತಿದ್ದವರು ಯಾರು?
ಇಷ್ಟು ವರ್ಷ
ನಾನೇ ಸರಿಯಾದ ಹೊತ್ತಿಗೆ ಬರುತ್ತೇನೆಂದುಕೊಂಡಿದ್ದೆ.

ಔಷಧಿ ಅಂಗಡಿಯಲ್ಲೂ ಚೌಕಾಸಿ ಮಾಡಿದೆ, ಅಭ್ಯಾಸಬಲ.
ದಸ್ತಗೀರ್ ನಕ್ಕು ಐದು ರೂಪಾಯಿ ಬಿಟ್ಟ.

ಮರುದಿನ ಕೊಡ ಹೊತ್ತು ಬರುವಾಗ
ಹೊಸ್ತಿಲಲ್ಲೇ ಎದುರಾಯಿತು ದನಿ:
"ಮೂರ್ ಕೂಗಾಯ್ತು ಕಣೇ, ಆರ್ಸಿದೀನಿ.
ಎಲ್ಲೋಗಿದ್ದೆ, ನೀರ್ ತರಾಕೋ, ಕೆರೆ ತೋಡಾಕೋ?"

ರಾತ್ರಿ ಕೂತು ಲೆಕ್ಕ ಹಾಕಿದೆ.
ಆರು ದಿನದ ಗ್ಯಾಸು, ಹೆಚ್ಚೆಂದರೆ ನೂರ ಇಪ್ಪತ್ತು.
ಸೆಲ್ಲು, ಇನ್ನೂರ ಮೂವತ್ತೈದು.
ಸರಿಹೋಗಲಿಲ್ಲ.
ಇನ್ನೊಮ್ಮೆ ಹಾಕಿದೆ,
ಮತ್ತೆ ಅದೇ ನೂರ ಹದಿನೈದು ಎದುರಿಗೆ ನಿಂತಿತು,
ಯಾವ ಬಾಬ್ತಿಗೆ ಸೇರಿಸುತ್ತೀಯ ಅನ್ನುವ ಹಾಗೆ.

ಒಳಗಿನ ಕತ್ತಲಿಂದ ಅತ್ತೆ:
"ಇನ್ನೂ ಬರೀತಿದ್ದೀಯಾ? ಪೆನ್ನು ಕರಕರ ಅಂತದೆ.
ಕರೆಂಟು ಪುಕ್ಕಟೆ ಅಂದ್ರೆ
ಬಲ್ಬೂ ಪುಕ್ಕಟೆನಾ? ಆರ್ಸು."

ಆರಿಸಿದೆ,
ನೂರ ಹದಿನೈದರ ಮುಂದೆ ಏನೂ ಬರೆಯದೆ.